ಕೆರೆಯಂಚಿನ ಪೊರೆಗಳನ್ನು ಎಣಿಸುವುದು ಹೇಗೆ

ಬೆಂಗಳೂರಿನ ಹೊಸ ತಿಪ್ಪಸಂದ್ರದ ಆಸುಪಾಸಿನಲ್ಲಿ ಹಳ್ಳ ಅಂತ ಉಳಿದಿರುವುದು ರಾಜಕಾಲುವೆ ಮಾತ್ರ. ಕೊಳಚೆ ಹರಿಯುವ ಅಂಥ ಕಡೆ ಬದುಕುವುದು ಮಿಡ್ಜ್ ನೊಣದ ಕೆಂಪು ಮರಿಹುಳುವಿನಂಥವು. ಅದರ ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ತೀರಾ ಕಡಿಮೆಯಾದರೂ ಸಾಯುವುದಿಲ್ಲ. ಕಾಲುವೆಗೆ ಯಾರೂ ಇಳಿಯಬಾರದು. ನೀರಿನ ಸ್ಥಿತಿ ತಿಳಿಯಲು ಹುಳುಗಳನ್ನು ಎಣಿಸುವ ಕೆಲಸವನ್ನು ಅನುಮತಿ ಪಡೆದು ಕಗ್ಗದಾಸಪುರ ಕೆರೆಯ ಅಂಚಿನಿಂದ ಶುರುಮಾಡುವುದು ಲೇಸು.

ಬಾಟಲಿಯಲ್ಲಿ ಹಿಡಿದ ನೀರು ಆ ಗಳಿಗೆಯ ಸುದ್ದಿ ಮಾತ್ರ ಹೇಳುತ್ತದೆ. ರಾತ್ರಿ ಯಾರೋ ಕೊಳಚೆ ಸುರಿದು ಹೋದದ್ದು ಅದರಲ್ಲಿ ಕಾಣದೇ ಹೋಗಬಹುದು. ವಾರಗಟ್ಟಲೆ ನೀರಲ್ಲೇ ಬೆಳೆಯುವ ಹುಳು ಮಾತ್ರ ಅದನ್ನೆಲ್ಲ ತಾಳಿಕೊಂಡೇ ಉಳಿದಿರಬೇಕು. ಲೆಕ್ಕ ಹೀಗೆ: ಸಣ್ಣ ಕಣ್ಣಿನ ಬಲೆಯನ್ನು ಗಿಡಗಳ ಬುಡದಲ್ಲಿ ಆಡಿಸಿ, ಸಿಕ್ಕಿದ್ದನ್ನು ನೀರು ತುಂಬಿದ ಬಿಳಿ ತಟ್ಟೆಗೆ ಸುರಿದು, ಕುಟುಂಬವಾರು ಬೇರ್ಪಡಿಸಬೇಕು. ಬ್ರಿಟನ್ನಿನ ಬಿಎಂಡಬ್ಲ್ಯುಪಿ ಪದ್ಧತಿಯಲ್ಲಿ ಒಂದೊಂದು ಕುಟುಂಬಕ್ಕೆ 1ರಿಂದ 10ರವರೆಗೆ ಅಂಕ. ಕೊಳೆ ತಾಳದ ಮೇಫ್ಲೈ ಕುಟುಂಬಗಳಿಗೆ 10, ಕೆಂಪು ಹುಳುವಿನ ಕುಟುಂಬಕ್ಕೆ 2. ಒಟ್ಟು ಅಂಕವನ್ನು ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ. ಈ ಪದ್ಧತಿ ಹುಟ್ಟಿದ್ದು ಹರಿಯುವ ಹೊಳೆಗಳಿಗಾಗಿ. ಹಾಗಾಗಿ ನಮ್ಮ ಕೆರೆಯನ್ನು ಮಲೆನಾಡಿನ ತೊರೆಯ ಪಕ್ಕ ಇಟ್ಟು ನೋಡುವುದು ಅನ್ಯಾಯ. ಅದೇ ಜಾಗದ ಹೋದ ತಿಂಗಳ ಅಂಕದೊಂದಿಗೆ ಹೋಲಿಸಿ.

ಏರೋಪ್ಲೇನ್ ಚಿಟ್ಟೆಗಳ ವಿಷಯದಲ್ಲಿ ಮೋಸಹೋಗುವವರೇ ಹೆಚ್ಚು. ಮಳೆಗಾಲದಲ್ಲಿ ಮೈದಾನದ ಮೇಲೆ ಹಿಂಡುಗಟ್ಟುವ ಹಳದಿ ಬಣ್ಣದ ‘ಪ್ಯಾಂಟಲಾ ಫ್ಲೇವಿಸೆನ್ಸ್’ ಸಾವಿರಾರು ಕಿಲೋಮೀಟರ್ ವಲಸೆ ಹೋಗುವ ಕೀಟ. ಅದು ನೂರಾರು ಕಂಡರೂ ನಿಮ್ಮ ಕೆರೆ ಚೆನ್ನಾಗಿದೆ ಎಂದೇನಲ್ಲ. ಬದಲಿಗೆ, ಜೊಂಡಿನ ಕಡ್ಡಿಗೆ ಅಂಟಿಕೊಂಡ, ಮರಿ ಕಳಚಿಟ್ಟ ಒಣ ಪೊರೆ ಹುಡುಕಿ. ಮರಿ ನೀರಿನಿಂದ ಹತ್ತಿಬಂದು ಅಲ್ಲೇ ರೆಕ್ಕೆ ಪಡೆದದ್ದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಇನ್ನು ಹೊರಗಿನಿಂದ ಬಂದವರು. ದಕ್ಷಿಣ ಅಮೆರಿಕದಿಂದ ಬಂದ, ನೇರಳೆ ಹೂವಿನ ವಾಟರ್ ಹಯಸಿಂತ್ ಕೆರೆ ಮುಚ್ಚಿದರೆ ಬೆಳಕೂ ಇಲ್ಲ, ಆಮ್ಲಜನಕವೂ ಇಲ್ಲ. ಅದನ್ನೇ ತಿನ್ನುವ ನಿಯೋಕೆಟಿನಾ ಎಂಬ ಮೂತಿಹುಳುವನ್ನು 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಿಗೆ ಬಿಡಲಾಗಿತ್ತು. ಎಲೆಯ ಮೇಲೆ ಕೆರೆದಂಥ ಪುಟ್ಟ ಚೌಕದ ಗುರುತುಗಳಿದ್ದರೆ ಅದು ಈಗಲೂ ಕೆಲಸದಲ್ಲಿದೆ ಎಂದರ್ಥ, ಅದನ್ನೂ ಬರೆದುಕೊಳ್ಳಿ. ಸೊಳ್ಳೆ ತಿನ್ನಲೆಂದು 1928ರಲ್ಲಿ ದೇಶಕ್ಕೆ ತಂದ ಗ್ಯಾಂಬೂಸಿಯಾ ಮೀನು ಉಳಿದ ಜಲಕೀಟಗಳನ್ನೂ ಬಿಡುವುದಿಲ್ಲ. ಅಂಕ ಇಳಿದಾಗಲೆಲ್ಲ ಕೊಳಚೆಯನ್ನೇ ದೂರಬೇಡಿ, ಬಲೆಯಲ್ಲಿ ಸಿಕ್ಕ ಮೀನನ್ನೂ ಗಮನಿಸಿ.

ಫೋಟೊಗಳನ್ನು ಐನ್ಯಾಚುರಲಿಸ್ಟ್‌ಗೆ ಹಾಕಿದರೆ ತಿಳಿದವರು ಹೆಸರು ಹೇಳುತ್ತಾರೆ. ಬಲೆಯನ್ನು ಬಿಸಿಲಲ್ಲಿ ಪೂರ್ತಿ ಒಣಗಿಸದೆ ಇನ್ನೊಂದು ಕೆರೆಗೆ ಒಯ್ಯಬೇಡಿ. ಅದಕ್ಕೆ ಅಂಟಿದ ಕಳೆಯ ಒಂದು ತುಣುಕೂ ಅಲ್ಲಿ ಬೇರು ಬಿಟ್ಟೀತು.