ಪಟವಾರಿಯ ದಫ್ತರ, ನಿಜಾಮನ ಗಡಿ: ಹಳ್ಳಿಯ ಮಟ್ಟದ ನಿರಂಕುಶ ಆಡಳಿತ

ಹೈದರಾಬಾದ್ ಸಂಸ್ಥಾನದ ಮಾತು ಬಂದಾಗ ನಿಜಾಮ, ರಜಾಕಾರರು, ದಿಲ್ಲಿ ಇವರ ಸುತ್ತಲೇ ನಮ್ಮ ಚರ್ಚೆ ಸುತ್ತುತ್ತದೆ. ನಾನು ಒಂದು ಮೆಟ್ಟಿಲು ಕೆಳಗಿಳಿದು ಹಳ್ಳಿಯಿಂದ ಶುರು ಮಾಡ್ತೀನಿ.

ಕೊಡಂಗಲ್, ತಾಂಡೂರು, ಜಹೀರಾಬಾದ್ ಕಡೆಯ ಕನ್ನಡ ರೈತನಿಗೆ ಅರಮನೆ ದೂರದ್ದು. ಅವನು ದಿನಾ ಕಂಡ ಸರ್ಕಾರ ಅಂದ್ರೆ ಮೂವರು: ಕಂದಾಯ ಎತ್ತುವ ಮಾಲಿಪಾಟೀಲ, ಕಾವಲಿನ ಪೊಲೀಸ್‌ಪಾಟೀಲ, ಲೆಕ್ಕ ಬರೆಯುವ ಪಟವಾರಿ. (ಈ ಹುದ್ದೆಗಳು ಕಲಬುರಗಿ ಕಡೆ ಇವತ್ತಿಗೂ ಅಡ್ಡಹೆಸರುಗಳಾಗಿ ಉಳಿದಿವೆ.) ಹುದ್ದೆಗಳು ವಂಶಪಾರಂಪರ್ಯ. ಇವು ಒಂದೇ ಮನೆತನಕ್ಕೋ ಬೀಗರಿಗೋ ಸೇರಿ, ಸಾಲ ಕೊಡುವವರೂ ಅವರೇ ಆದರೆ ಮುಗೀತು, ದೂರು ಹೇಳೋಕೆ ಬೇರೆ ಬಾಗಿಲೇ ಇಲ್ಲ. ಮೇಲಿನ ಕಚೇರಿಯ ಭಾಷೆ ಉರ್ದು. ಪಹಣಿಯಲ್ಲಿ ತನ್ನ ಹೊಲ ಯಾರ ಹೆಸರಿಗಿದೆ ಅನ್ನೋದಕ್ಕೂ ಪಟವಾರಿಯ ಬಾಯಿಮಾತೇ ಗತಿ. ಇನ್ನು ಸಂಸ್ಥಾನದ ನೆಲದಲ್ಲಿ ಸುಮಾರು ನೂರಕ್ಕೆ 40 ಭಾಗ ಜಾಗೀರು ಮತ್ತು ನಿಜಾಮನ ಖಾಸಾ ಜಮೀನು. ದೊಡ್ಡ ಜಾಗೀರುಗಳಿಗೆ ಪೊಲೀಸರು, ನ್ಯಾಯಾಲಯ ಕೂಡ ಸ್ವಂತದ್ದೇ.

ಹಾಗಾಗಿ ರಾಜ ಬಲಶಾಲಿ, ಅದಕ್ಕೇ ಹಳ್ಳಿ ಬಗ್ಗಿತು ಅನ್ನೋದು ಅರ್ಧ ಸತ್ಯ. ಬಗ್ಗಿಸಿದ ಕೈ ಊರೊಳಗೇ ಇತ್ತು.

ಆ ಕೈ ಎಲ್ಲಿ ಸಡಿಲವಾಯ್ತು? ಗಡಿಯಲ್ಲಿ. ಸೊಲ್ಲಾಪುರ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಪಕ್ಕದ ಅಕ್ಕಲಕೋಟೆಗೆ ಬೇರೆ ರಾಜ. 1938ರಲ್ಲಿ ನಿಷೇಧವಾದ ಸ್ಟೇಟ್ ಕಾಂಗ್ರೆಸ್ಸಿಗೆ 1946ರವರೆಗೂ ಒಳಗೆ ಬಹಿರಂಗವಾಗಿ ಕೆಲಸ ಮಾಡುವ ಅವಕಾಶವಿರಲಿಲ್ಲ. 1947–48ರಲ್ಲಿ ಸೊಲ್ಲಾಪುರ ಸೀಮೆಯಲ್ಲಿ, ಇತ್ತ ಮುಂಡರಗಿಯಲ್ಲಿ ಶಿಬಿರಗಳು ಎದ್ದವು. ಆ ಹುಡುಗರು ಮೇಲೆಬಿದ್ದದ್ದು ಯಾವುದರ ಮೇಲೆ ನೋಡಿ: ಕರೋಡಗಿರಿ ನಾಕಾ, ಆಮೇಲೆ ಪಟವಾರಿಯ ದಫ್ತರ. ಕಾಗದ ಸುಟ್ಟರು, ಪಟೇಲ-ಪಟವಾರಿಗಳಿಂದ ರಾಜೀನಾಮೆ ಕೊಡಿಸಿದರು. ಆಡಳಿತದ ಜೀವ ಯಾವ ಪೆಟ್ಟಿಗೆಯಲ್ಲಿದೆ ಅಂತ ಅವರಿಗೆ ಗೊತ್ತಿತ್ತು.

ಖಾಸಿಂ ರಜ್ವಿಯ ರಜಾಕಾರ ಪಡೆ ಬೆಳೆದದ್ದೂ ಇದೇ ಹೊತ್ತಿಗೆ. ಅದನ್ನ ಬಲದ ಗುರುತು ಅಂತಾರೆ. ನನಗೆ ಹಾಗನಿಸೋದಿಲ್ಲ. ತನ್ನ ನೌಕರರ ಮೇಲೆ ಭರವಸೆ ಇರುವ ಸರ್ಕಾರಕ್ಕೆ ಖಾಸಗಿ ಪಡೆ ಯಾಕೆ ಬೇಕು? ಆದರೆ 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ತಮ್ಮವರನ್ನು ಕಳಕೊಂಡ ಮನೆಗಳಿಗೆ ಈ ವಿಶ್ಲೇಷಣೆ ಯಾವ ಸಮಾಧಾನವನ್ನೂ ಕೊಡಲಾರದು. ದುರ್ಬಲವಾಗುತ್ತಿರುವ ಆಡಳಿತ ಹೆಚ್ಚು ಕ್ರೂರವಾಗಬಲ್ಲದು.

ಸೆಪ್ಟೆಂಬರ್ 13ರಿಂದ 17ರೊಳಗೆ ಮೇಲಿನದು ಬಿತ್ತು. ನಂತರದ ವಾರಗಳಲ್ಲಿ ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ ಜಿಲ್ಲೆಗಳಲ್ಲಿ ಸಾವಿರಾರು ಸಾಮಾನ್ಯ ಮುಸ್ಲಿಮರು ಸೇಡಿಗೆ ಬಲಿಯಾದರು. ಸುಂದರಲಾಲ್ ಸಮಿತಿ ಅದನ್ನು ದಾಖಲಿಸಿದೆ. ನಮ್ಮ ಸಭೆಗಳಲ್ಲಿ ಇದನ್ನ ಹೇಳೋದು ಕಮ್ಮಿ, ಹೇಳಬೇಕು.

1949ರಲ್ಲಿ ಜಾಗೀರು ಹೋಯ್ತು. ಪಟವಾರಿ ಹೋಗಲಿಲ್ಲ. 1956ರಲ್ಲಿ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿದವು. ಗ್ರಾಮ ಹುದ್ದೆಗಳನ್ನು ರದ್ದು ಮಾಡುವ 1961ರ ಕಾಯ್ದೆ ನಮ್ಮಲ್ಲಿ 1963ಕ್ಕೆ ಜಾರಿಯಾಯ್ತು. ಅಲ್ಲಿ ಪಟೇಲ-ಪಟವಾರಿ ಪದ್ಧತಿ ಹೋಗಲು 1984 ಬರಬೇಕಾಯ್ತು. ಒಂದೇ ಜಿಲ್ಲೆಯಾಗಿದ್ದ ನೆಲದಲ್ಲಿ ಹೆಚ್ಚುಕಡಿಮೆ ಇಪ್ಪತ್ತು ವರ್ಷದ ಅಂತರ! ಕಾಗದದ ಭಾಷೆ ಉರ್ದುವಿನಿಂದ ತೆಲುಗಿಗೆ ಹೊರಳಿತು. ಕನ್ನಡ ಮಾತ್ರ ಓದಬಲ್ಲ ರೈತ ಮತ್ತೆ ಇನ್ನೊಬ್ಬರಿಂದಲೇ ಓದಿಸಿಕೊಳ್ಳಬೇಕು.

ಆ ಇಪ್ಪತ್ತು ವರ್ಷ ನಿಮ್ಮ ಮನೆಗಳಲ್ಲಿ ಹೇಗೆ ನೆನಪಾಗಿ ಉಳಿದಿದೆ? ತಾಂಡೂರು, ಕೊಡಂಗಲ್ ಕಡೆಯವರು ಯಾರಾದ್ರೂ ಇದ್ದರೆ ದಯವಿಟ್ಟು ಮೈಕ್ ಆನ್ ಮಾಡ್ಕೊಳ್ಳಿ.