ಬನಾರಸಿ ಸೀರೆಯೊಳಗಿನ ಹುಳುಗಳು

ವಾರಾಣಸಿಯ ಮದನಪುರದ ಮಗ್ಗಗಳಿಗೆ ಕರ್ನಾಟಕದಿಂದಲೂ ರೇಷ್ಮೆ ನೂಲು ಹೋಗುತ್ತದೆ. ಒಂದು ಬನಾರಸಿ ಸೀರೆಗೆ ಅರ್ಧ ಕಿಲೋ ರೇಷ್ಮೆ ಎಂದಿಟ್ಟುಕೊಳ್ಳಿ. ಅದಕ್ಕೆ ಮೂರೂವರೆ ಕಿಲೋ ಗೂಡು ಬೇಕು. ಅಂದರೆ ಸುಮಾರು 2,000 ಹುಳುಗಳು. ಅವು ಉಗುಳಿದ ಎಳೆಯನ್ನು ಒಂದರ ತುದಿಗೆ ಇನ್ನೊಂದನ್ನು ಕಟ್ಟುತ್ತಾ ಹೋದರೆ ಸುಮಾರು 1,800 ಕಿ.ಮೀ. ಬೆಂಗಳೂರಿನಿಂದ ಹೊರಟ ಎಳೆ ಹೆಚ್ಚುಕಡಿಮೆ ಕಾಶಿ ಮುಟ್ಟುತ್ತದೆ!

ಮೊಟ್ಟೆಯೊಡೆದಾಗ ಹುಳುವಿನ ತೂಕ ಅರ್ಧ ಮಿಲಿಗ್ರಾಂ. ನಾಲ್ಕು ಜ್ವರ (ಪೊರೆ ಕಳಚುವ ಹಂತ) ಕಳೆದು, ತಿಂಗಳು ತುಂಬುವ ಮೊದಲೇ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಯ ತಟ್ಟಿ ಏರುವಾಗ ಅದು ಹತ್ತು ಸಾವಿರ ಪಟ್ಟು ಬೆಳೆದಿರುತ್ತದೆ. ಮೂರು ಕಿಲೋದ ಕೂಸು ಅದೇ ಲೆಕ್ಕದಲ್ಲಿ ಬೆಳೆದರೆ ತಿಂಗಳೊಳಗೆ 30 ಟನ್! ನಮ್ಮ ಒಂದು ಸೀರೆಯ ಹುಳುಗಳು ತಿನ್ನುವ ಹಿಪ್ಪುನೇರಳೆ ಸೊಪ್ಪು ಅರ್ಧ ಕ್ವಿಂಟಲಿಗೂ ಹೆಚ್ಚು. ಅದರಲ್ಲಿ ಬಹುಪಾಲು ನಾಲ್ಕನೇ ಜ್ವರದ ನಂತರದ ಒಂದೇ ವಾರದಲ್ಲಿ ಖಾಲಿ. ರಾತ್ರಿಯೂ ಎದ್ದು ಸೊಪ್ಪು ಹಾಕುವ ಮನೆಯವರಿಗೆ ಆ ವಾರ ನಿದ್ದೆ ದೂರ.

ಹುಳು ಸಾಕುವ ಮಾತು ಬಂತಲ್ಲ, ಗೋಡೆಸಂದಿಯಲ್ಲಿ ಚಿರ್ರೆನ್ನುವ ಜೀರುಂಡೆಯನ್ನು ಪ್ರೋಟೀನಿಗಾಗಿ ಸಾಕಿ ತಿನ್ನಿ ಎಂದು ಈಗ ಜಗತ್ತಿಗೆ ಹೇಳಲಾಗುತ್ತಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2013ರ ವರದಿಯ ಪ್ರಕಾರ ಒಂದು ಕಿಲೋ ಜೀರುಂಡೆಗೆ ಎರಡು ಕಿಲೋಗಿಂತ ಕಡಿಮೆ ಮೇವು ಸಾಕು. ದನಕ್ಕೆ ಎಂಟರಿಂದ ಹತ್ತು ಕಿಲೋ. ಒಳ್ಳೆಯ ಲೆಕ್ಕವೇ. ಆದರೆ ಮಹಾ ಹೊಸದೆಂದು ಬೀಗುವಂಥದ್ದೇನಲ್ಲ. ನಮ್ಮ ರಾಮನಗರ, ಶಿಡ್ಲಘಟ್ಟಗಳಲ್ಲಿ ಹುಳು ಸಾಕುವವರು ತಲೆಮಾರುಗಳಿಂದ ಪ್ರೋಟೀನನ್ನೂ ಬೆಳೆಯುತ್ತಿದ್ದಾರೆ, ಹೆಸರು ಮಾತ್ರ ನೂಲಿನದು.

ಗೂಡಿನ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ಒಳಗೆ ಪತಂಗವಾಗಲು ಕಾದಿರುವ ಪ್ಯೂಪಾದ್ದು. ಬಿಸಿನೀರಿನಲ್ಲಿ ಬೆಂದು, ನೂಲು ಬಿಚ್ಚಿದ ಮೇಲೆ ಉಳಿಯುವುದು ಅದೇ. ಒಣಗಿಸಿದರೆ ಅರ್ಧದಷ್ಟು ಪ್ರೋಟೀನು. ಒಂದು ಸೀರೆಯ ಪಾಲಿಗೆ ಒಣ ಪ್ಯೂಪಾ 700 ಗ್ರಾಂ, ಸೀರೆಯ ರೇಷ್ಮೆಗಿಂತ ಹೆಚ್ಚು! ಅದರ 350 ಗ್ರಾಂ ಪ್ರೋಟೀನು, ದಿನಕ್ಕೆ 50 ಗ್ರಾಂ ಲೆಕ್ಕದಲ್ಲಿ, ಒಬ್ಬರಿಗೆ ಒಂದು ವಾರಕ್ಕೆ ಸಾಕು. (ಮಡಿಗೆಂದು ರೇಷ್ಮೆ ಉಡುವವರ ಮುಂದೆ ಈ ಗುಣಾಕಾರ ಬೇಡ.)

ದೇಶದಲ್ಲಿ 2022-23ರಲ್ಲಿ ತೆಗೆದ ಹಿಪ್ಪುನೇರಳೆ ರೇಷ್ಮೆ 27,000 ಟನ್ನಿಗೂ ಹೆಚ್ಚು. ಅದೇ ಅನುಪಾತದಲ್ಲಿ ಗುಣಿಸಿದರೆ ಹತ್ತು ಲಕ್ಷ ಜನರಿಗೆ ವರ್ಷವಿಡೀ ಸಾಲುವಷ್ಟು ಪ್ರೋಟೀನು. ಅಂದರೆ ಹೆಚ್ಚುಕಡಿಮೆ ಇಡೀ ಕಾಶಿಗೆ: 2011ರ ಜನಗಣತಿಯಲ್ಲಿ ವಾರಾಣಸಿ ನಗರದ ಜನಸಂಖ್ಯೆ ಸುಮಾರು 12 ಲಕ್ಷ.

ಅಸ್ಸಾಮಿನಲ್ಲಿ ಎರಿ ಎಂಬ ಇನ್ನೊಂದು ಬಗೆಯ ರೇಷ್ಮೆ ಹುಳುವಿನ ಪ್ಯೂಪಾ ಸಂತೆಯ ರುಚಿ ಪದಾರ್ಥ. ಕೊರಿಯಾದಲ್ಲಿ ರೇಷ್ಮೆ ಪ್ಯೂಪಾ ಡಬ್ಬಿಯಲ್ಲೂ ಸಿಗುತ್ತದೆ. ನಮ್ಮಲ್ಲಿ ಅದರ ಎಣ್ಣೆ ಹಿಂಡುತ್ತಾರೆ, ಉಳಿದದ್ದನ್ನು ಮೀನಿಗೂ ಕೋಳಿಗೂ ಹಾಕುತ್ತಾರೆ.