ಮಗನ ಪಕ್ಕದಲ್ಲಿ ಕೂರುವ ಹೊತ್ತು

ಸರ್ಜಾಪುರದ ಸುತ್ತಿನ ಮನೆಗಳಲ್ಲಿ ತಂದೆಯಾದವನು ಕಂಪೆನಿಯ ಕೆಲಸ ಮುಗಿಸಿ, ವಾಹನಗಳ ಸಾಲು ದಾಟಿ ಮನೆ ಸೇರುವಾಗ ರಾತ್ರಿಯಾಗಿರುತ್ತದೆ. ಬಂದ ಮೇಲೂ ಪರದೇಶದ ಕಚೇರಿಯ ಫೋನು. ಪಕ್ಕದ ಕೋಣೆಯಲ್ಲಿ ಮಗ ಮೊಬೈಲು ಹಿಡಿದು ಕುಳಿತಿರುತ್ತಾನೆ. ‘ಹುಡುಗ ಕೈತಪ್ಪಿದ, ಬುದ್ಧೀ, ತಾವೇ ಎರಡು ಮಾತು ಹೇಳಬೇಕು’ ಎಂದು ಮಠಕ್ಕೆ ಕರೆತರುತ್ತಾರೆ. ನಾವು ಯಾರಿಗೆ ಹೇಳೋಣ, ಮಗನಿಗೋ ತಂದೆಗೋ?

ಇದು ವ್ಯಾಧಿಯ ಮಟ್ಟಕ್ಕೆ ಹೋಗುವುದೂ ಉಂಟು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ 2014ರಲ್ಲಿಯೇ ಇದಕ್ಕೆಂದು ‘ಶಟ್’ ಎಂಬ ಪ್ರತ್ಯೇಕ ಚಿಕಿತ್ಸಾಲಯ ಆರಂಭವಾಯಿತು. ನಿದ್ರೆ, ಊಟ, ಓದು ಕೆಟ್ಟಿದ್ದರೆ ವೈದ್ಯರಲ್ಲಿಗೆ ಹೋಗಿರಿ; ಅದರಲ್ಲಿ ನಾಚಿಕೆಯೇನು? ಆದರೆ ಬಹುಪಾಲು ಮನೆಗಳಿಗೆ ಬೇಕಾದುದು ಔಷಧವಲ್ಲ.

ಬೆಳಗಾವಿ ಸಮೀಪದ ಹಲಗಾ ಗ್ರಾಮದವರು ಒಂದು ಕಟ್ಟಳೆ ಮಾಡಿಕೊಂಡರು. ಸಂಜೆ 7 ಗಂಟೆಗೆ ಸೈರನ್ ಕೂಗಿದರೆ 9ರವರೆಗೆ ಟೀವಿ, ಮೊಬೈಲು ಬಂದ್. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವದಲ್ಲಿ 2022ರಲ್ಲಿಯೇ ಇಂಥದು ನಡೆಯಿತು. ಅದರ ಮರ್ಮವಿರುವುದು ಸೈರನ್ನಿನಲ್ಲಲ್ಲ. ಹಿರಿಯರೂ ಕಿರಿಯರೂ ಒಟ್ಟಿಗೆ ಕೆಳಗಿಡುವುದರಲ್ಲಿ.

ಇಲ್ಲಿ ಆ ಸೈರನ್ ನೀವೇ ಆಗಬೇಕು. ಹದಿನಾರರ ಮಗನನ್ನು ಮಿತ್ರನಂತೆ ಕಾಣಬೇಕೆಂಬುದು ನೀತಿಜ್ಞರ ಮತ. ಮಿತ್ರನು ಬಂದೊಡನೆ ‘ಅಂಕ ಎಷ್ಟು?’ ಎನ್ನುವನೇ? ಅದು ಸಂಭಾಷಣೆಯಲ್ಲ, ವಿಚಾರಣೆ! ‘ಆ ಆಟ ಯಾವುದಪ್ಪಾ, ನನಗೂ ತೋರಿಸು’ ಎನ್ನಿರಿ. ಮಗಳಾದರೂ ಅಷ್ಟೇ. ಮೊದಲ ವಾರ ‘ಹೂಂ’ ಎಂಬುದರ ಹೊರತು ಉತ್ತರ ಬಾರದು. ಮರುದಿನವೂ ಅದೇ ಹೊತ್ತಿಗೆ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿರಿ.